ದೇವರನ್ನು ನಂಬಿದ್ದರೂ ಭಯ ಹೋಗುತ್ತಿಲ್ಲ ಎನ್ನುವವರಿಗೆ

ನಿಮ್ಮ ಪ್ರಶ್ನೆ ಇಷ್ಟು: ಕೆಲಸ ಉಳಿಯುತ್ತದೋ ಇಲ್ಲವೋ ತಿಳಿಯದು, ಮನೆಯಲ್ಲಿ ಒಬ್ಬರಿಗೆ ಕಾಯಿಲೆ, ಮುಂದಿನ ವರ್ಷ ಹೇಗಿರುತ್ತದೆಂದು ಊಹಿಸಲೂ ಆಗುತ್ತಿಲ್ಲ. ದೇವರನ್ನು ನಂಬುತ್ತೀರಿ, ದಿನವೂ ಪ್ರಾರ್ಥಿಸುತ್ತೀರಿ. ಆದರೂ ನಡುರಾತ್ರಿ ಎಚ್ಚರವಾಗಿ ಎದೆ ಹೊಡೆದುಕೊಳ್ಳುತ್ತದೆ. ನಂಬಿಕೆಯಿಂದ ಅಲುಗಾಡದ ನೆಲೆ ನಿಜಕ್ಕೂ ಸಿಗುತ್ತದೆಯೇ, ಸಿಗುವುದಾದರೆ ಏನು ಮಾಡಬೇಕು?

ಸಿಗುತ್ತದೆ. ಆದರೆ ಸಿಗುವುದು ಏನು ಎಂಬುದನ್ನು ಮೊದಲು ತಿಳಿದುಕೊಳ್ಳಿ, ಏಕೆಂದರೆ ಹೆಚ್ಚಿನವರು ಎಡವುವುದು ಈ ಹೊಸ್ತಿಲಲ್ಲೇ. ಗೀತೆಯ 9ನೇ ಅಧ್ಯಾಯದ 22ನೇ ಶ್ಲೋಕದಲ್ಲಿ, ಬೇರೆ ಯಾವುದನ್ನೂ ನೆಚ್ಚದೆ ತನ್ನನ್ನೇ ನೆನೆಯುವವರ ಯೋಗಕ್ಷೇಮವನ್ನು ತಾನು ಹೊರುತ್ತೇನೆ ಎಂಬ ಭಗವಂತನ ಮಾತಿದೆ. ಯೋಗ ಎಂದರೆ ಇಲ್ಲದ್ದು ಒದಗುವುದು, ಕ್ಷೇಮ ಎಂದರೆ ಒದಗಿದ್ದು ಉಳಿಯುವುದು. ಇದನ್ನು ಓದಿ 'ಹಾಗಾದರೆ ನನ್ನ ಕೆಲಸ ಹೋಗುವುದಿಲ್ಲ, ಕಾಯಿಲೆ ವಾಸಿಯಾಗುತ್ತದೆ' ಎಂದು ಲೆಕ್ಕ ಹಾಕಿಕೊಂಡರೆ ಮೊದಲ ಪೆಟ್ಟಿಗೇ ನಂಬಿಕೆ ಕುಸಿಯುತ್ತದೆ. ಈ ಮಾತನ್ನು ಆಡಿದ ಜಾಗ ಯಾವುದು ನೋಡಿ. ರಣರಂಗ. 18ನೇ ಅಧ್ಯಾಯದ 66ನೇ ಶ್ಲೋಕದಲ್ಲಿ 'ಶೋಕಿಸಬೇಡ' ಎಂದು ಹೇಳಿ ಮುಗಿಸಿದ ಮೇಲೂ ಯುದ್ಧ ನಡೆಯಿತು. ಸಾರಥಿಯಾಗಿ ಸಾಕ್ಷಾತ್ ಕೃಷ್ಣನೇ ಇದ್ದರೂ ಅರ್ಜುನ ಮಗನನ್ನು ಕಳೆದುಕೊಂಡ. ಬೈಬಲ್ಲಿನ ಮತ್ತಾಯನ ಸುವಾರ್ತೆಯ 7ನೇ ಅಧ್ಯಾಯದ ದೃಷ್ಟಾಂತ ಕಥೆಯಲ್ಲೂ ಬಂಡೆಯ ಮೇಲಿನ ಮನೆಗೆ, ಮರಳಿನ ಮೇಲಿನ ಮನೆಗೆ ಬಡಿಯುವುದು ಅದೇ ಮಳೆ, ಅದೇ ಪ್ರವಾಹ, ಅದೇ ಗಾಳಿ. ದೇವರನ್ನು ನೆಚ್ಚಿದವರಿಗೆ ಮಳೆ ತಪ್ಪುತ್ತದೆ ಎಂದು ಇವೆರಡೂ ಹೇಳಿಲ್ಲ. ಏನೇ ಬಂದರೂ ನೀವು ದೇವರಿಗೆ ಸೇರಿದವರು ಎಂಬುದು ಬದಲಾಗುವುದಿಲ್ಲ, ಆ ದಿನವನ್ನು ದಾಟುವಷ್ಟು ಬಲ ಆ ದಿನಕ್ಕೆ ಒದಗುತ್ತದೆ. ಭರವಸೆ ಇರುವುದು ಇಷ್ಟಕ್ಕೆ. ಕೇಳಲು ಕಡಿಮೆ ಅನ್ನಿಸಬಹುದು. ಸಂಬಳ, ಆರೋಗ್ಯ, ಉಳಿತಾಯ ಇವುಗಳಲ್ಲಿ ಯಾವುದೂ ಇಷ್ಟನ್ನು ಕೊಡಲಾರದು.

ಈಗ ಹೇಗೆ ಎಂಬ ಮಾತಿಗೆ ಬರೋಣ. ಶರಣಾಗತಿಗೆ 6 ಅಂಗಗಳನ್ನು ಹೇಳುವ ಪಾಂಚರಾತ್ರವೆಂಬ ವೈಷ್ಣವ ಆಗಮದ ಹಳೆಯ ಶ್ಲೋಕವೊಂದಿದೆ: ದೇವರಿಗೆ ಒಪ್ಪುವಂತೆ ನಡೆಯುವ ಸಂಕಲ್ಪ, ಒಪ್ಪದ್ದನ್ನು ಬಿಡುವುದು, ಕಾಪಾಡುತ್ತಾನೆಂಬ ವಿಶ್ವಾಸ, ಕಾಪಾಡು ಎಂದು ಬಾಯಿಬಿಟ್ಟು ಕೇಳುವುದು, ತನ್ನನ್ನೇ ಒಪ್ಪಿಸಿಬಿಡುವ ಆತ್ಮನಿಕ್ಷೇಪ, ಮತ್ತು ಕಾರ್ಪಣ್ಯ, ಅಂದರೆ ನನ್ನಿಂದ ಆಗದು ಎಂಬ ದೀನತೆ. ಮೊದಲ ನಾಲ್ಕನ್ನು ಭಕ್ತರು ಹೇಗೋ ಮಾಡುತ್ತಿರುತ್ತಾರೆ. ಭಯ ಹೋಗದೆ ಉಳಿಯುವುದು ಬಹುತೇಕ ಕೊನೆಯ ಎರಡು ಕೈಬಿಟ್ಟಾಗ. ಹಾಗಾಗಿ ಅವೆರಡನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಾರ್ಪಣ್ಯವೆಂದರೆ ತನ್ನನ್ನು ತಾನು ಹೀಗಳೆಯುವುದಲ್ಲ, ಬಲ ಮುಗಿದಿದೆ ಎಂಬ ಸತ್ಯವನ್ನು ಒಪ್ಪಿಕೊಳ್ಳುವುದು. ಭಾಗವತದ 8ನೇ ಸ್ಕಂಧದಲ್ಲಿ ಗಜೇಂದ್ರ ಮೊಸಳೆಯೊಡನೆ 1000 ವರ್ಷ ಸೆಣಸುತ್ತಾನೆ. ಅವನ ಶಕ್ತಿ ಕುಂದುತ್ತ ಹೋಗುತ್ತದೆ, ಮೊಸಳೆಯದು ಏರುತ್ತ ಹೋಗುತ್ತದೆ, ಏಕೆಂದರೆ ನೀರು ಅದರ ಮನೆ. ರಾತ್ರಿ ಎರಡು ಗಂಟೆಗೆ ಹಾಸಿಗೆಯಲ್ಲಿ ಮಲಗಿ ಚಿಂತೆಯ ಜೊತೆ ವಾದಕ್ಕಿಳಿಯುವುದು ನೀರಿನಲ್ಲಿ ಮೊಸಳೆಯೊಡನೆ ಸೆಣಸಿದ ಹಾಗೆಯೇ. ಆ ಹೊತ್ತಿನಲ್ಲಿ ಬುದ್ಧಿ ದಣಿದಿರುತ್ತದೆ, ಯಾರನ್ನೂ ಕೇಳುವಂತಿಲ್ಲ, ಯಾವ ಕೆಲಸವೂ ಆಗುವಂತಿಲ್ಲ. ಎಚ್ಚರವಾದ ಕೂಡಲೇ ಒಂದೇ ಸಾಲು ಹೇಳಿಕೊಳ್ಳಿ: 'ಇದು ನನ್ನ ಕೈಲಾಗದು, ನೀನು ನೋಡಿಕೋ.' ಚಿಂತೆ ಮತ್ತೆ ಬಂದರೆ ಮತ್ತೆ ಅದೇ ಸಾಲು. ಒಂದು ರಾತ್ರಿಯಲ್ಲಿ 30 ಸಲ ಹೇಳಬೇಕಾದೀತು, ಅದರಲ್ಲಿ ಸೋಲೇನೂ ಇಲ್ಲ. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಕೂತು, ಮಂದ ಬೆಳಕಿನಲ್ಲಿ ಬಾಯಿಪಾಠವಾಗಿರುವ ಒಂದು ಸ್ತೋತ್ರವನ್ನೋ ಕೀರ್ತನೆಯನ್ನೋ ಮೆಲ್ಲಗೆ ಹೇಳಿಕೊಳ್ಳಿ. ಫೋನ್ ಮುಟ್ಟಬೇಡಿ.

ಈಗ ಆತ್ಮನಿಕ್ಷೇಪ. ನಿಕ್ಷೇಪ ಎನ್ನುವುದು ವ್ಯವಹಾರದ ಮಾತು. ಮನುಸ್ಮೃತಿ ಪಟ್ಟಿ ಮಾಡುವ 18 ವ್ಯಾಜ್ಯಗಳಲ್ಲಿ ಅದೂ ಒಂದು: ನಂಬಿಕೆಯಿಂದ ಒಬ್ಬರ ಕೈಗೆ ಕಾಪಾಡಲು ಕೊಟ್ಟ ಒಡವೆ. ಕೊಟ್ಟ ಮೇಲೆ ಕಾಯುವ ಹೊಣೆ ಇಟ್ಟುಕೊಂಡವನದು. ಕೊಟ್ಟವನೇ ಅವನ ಮನೆ ಬಾಗಿಲಲ್ಲಿ ರಾತ್ರಿಯಿಡೀ ಕಾವಲು ಕೂತರೆ ಕೊಟ್ಟಂತಾಯಿತೇ? ನಾವು ಮಾಡುವುದು ಇದನ್ನೇ, ಬೆಳಿಗ್ಗೆ ಒಪ್ಪಿಸಿ ರಾತ್ರಿ ವಾಪಸು ತರುತ್ತೇವೆ. ಇನ್ನೊಂದು ಸೂಕ್ಷ್ಮವಿದೆ, ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಮುಖ್ಯವಾದದ್ದು. ಒಪ್ಪಿಸಬೇಕಾದದ್ದು ಸಮಸ್ಯೆಯನ್ನಷ್ಟೇ ಅಲ್ಲ, ನಿಮ್ಮನ್ನೇ. ಸಮಸ್ಯೆಯನ್ನು ಮಾತ್ರ ಕೊಟ್ಟವರು ಅದು ಬಗೆಹರಿಯಿತೇ ಎಂದು ಗಳಿಗೆಗೊಮ್ಮೆ ನೋಡುತ್ತಿರುತ್ತಾರೆ. ತಮ್ಮನ್ನೇ ಕೊಟ್ಟವರಿಗೆ ಸಮಸ್ಯೆ ಬಗೆಹರಿಯದ ದಿನವೂ ತಾವು ಸುರಕ್ಷಿತ ಕೈಯಲ್ಲಿದ್ದೇವೆ ಎಂಬುದು ಉಳಿಯುತ್ತದೆ.

ರೂಢಿಗೆ ತರಲು ಒಂದು ಹಾಳೆ ಸಾಕು. ಊಟವಾದ ಮೇಲೆ, ಮಲಗುವ ಹೊತ್ತಿಗೆ ಒಂದು ಗಂಟೆ ಮೊದಲು, ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ನಾಳೆ ನನ್ನ ಕೈಯಲ್ಲಿರುವುದು, ಬಲಕ್ಕೆ ನನ್ನ ಕೈ ಮೀರಿದ್ದು. ಎಡಗಡೆ ಮೂರಕ್ಕಿಂತ ಹೆಚ್ಚು ಬರೆಯಬೇಡಿ, ಪ್ರತಿಯೊಂದಕ್ಕೂ ಹೊತ್ತು ನಮೂದಿಸಿ: ಹತ್ತು ಗಂಟೆಗೆ ವೈದ್ಯರಿಗೆ ಫೋನ್, ಮಧ್ಯಾಹ್ನ ಇಬ್ಬರಿಗೆ ಕೆಲಸದ ಬಗ್ಗೆ ಪತ್ರ, ಹೀಗೆ. 'ಧೈರ್ಯವಾಗಿರಬೇಕು' ಎಂಬಂಥದ್ದನ್ನು ಅಲ್ಲಿ ಬರೆದರೆ ಪ್ರಯೋಜನವಿಲ್ಲ, ಅದು ಕೆಲಸವಲ್ಲ. ಬಲಗಡೆ ಎಷ್ಟು ಬೇಕಾದರೂ ಬರೆಯಿರಿ: ವರದಿಯಲ್ಲಿ ಏನು ಬರುತ್ತದೆ, ಕಂಪನಿ ಏನು ನಿರ್ಧರಿಸುತ್ತದೆ. ಬಲಗಡೆಯ ಒಂದೊಂದನ್ನೂ ದನಿಯೆತ್ತಿ ದೇವರಿಗೆ ಓದಿ ಹೇಳಿ, ಕೊನೆಯಲ್ಲಿ 'ಇದೂ ನಿನ್ನದು, ನಾನೂ ನಿನ್ನವ' ಅಥವಾ 'ನಿನ್ನವಳು' ಎಂದು ಹೇಳಿ ಹಾಳೆ ಮಡಚಿಡಿ. ಓದುವುದು ದನಿಯೆತ್ತಿಯೇ ಇರಲಿ. ಮನಸ್ಸಿನಲ್ಲೇ ಹೇಳಿಕೊಂಡರೆ ಎರಡನೇ ಸಾಲಿಗೆ ಪ್ರಾರ್ಥನೆ ಹೋಗಿ ಚಿಂತೆಯೇ ಮುಂದುವರಿಯುತ್ತದೆ.

ಎಡಗಡೆಯ ಸಾಲನ್ನು ಬಿಟ್ಟು ಬಲಗಡೆಯನ್ನಷ್ಟೇ ಇಟ್ಟುಕೊಂಡವರೂ ಇದ್ದಾರೆ. ದೇವರಿದ್ದಾನೆಂದು ಔಷಧಿ ನಿಲ್ಲಿಸುವುದು, ಸಾಲದ ಕಾಗದ ತೆರೆಯದಿರುವುದು ಈ ಜಾತಿಯವು. ಒಂಟೆಯನ್ನು ಕಟ್ಟಿ ದೇವರ ಮೇಲೆ ಭರವಸೆ ಇಡಲೋ, ಬಿಟ್ಟು ಭರವಸೆ ಇಡಲೋ ಎಂದು ಕೇಳಿದವನಿಗೆ ಪ್ರವಾದಿ ಮುಹಮ್ಮದರು 'ಕಟ್ಟು, ಆಮೇಲೆ ಭರವಸೆ ಇಡು' ಎಂದರೆಂದು ತಿರ್ಮಿದಿಯವರ ಹದೀಸ್ ಸಂಗ್ರಹದಲ್ಲಿದೆ. ಹಗ್ಗ ಕಟ್ಟುವ ಕೈ ಕೊಟ್ಟವನೂ ದೇವರೇ.

ಬೆಳಗಿನ ಹೊತ್ತಿಗೆ 15 ನಿಮಿಷ ಇಟ್ಟುಕೊಳ್ಳಿ. ಕಷ್ಟ ಬಂದಾಗ ಹೆಚ್ಚಿನವರು ಒಮ್ಮೆಲೇ ಎರಡು ಗಂಟೆಯ ಪಾರಾಯಣ, ಉಪವಾಸ, ಸಾವಿರ ಜಪ ಎಂದು ಶುರುಮಾಡುತ್ತಾರೆ. ಹತ್ತು ಹನ್ನೆರಡು ದಿನಕ್ಕೆ ದೇಹ ಸೋತು ಬಿಟ್ಟುಬಿಡುತ್ತಾರೆ, ಬಿಟ್ಟ ಮೇಲೆ 'ತಪ್ಪು ಮಾಡಿದೆ, ಏನಾಗುತ್ತದೋ' ಎಂಬ ಹೊಸ ಭಯ ಸೇರಿಕೊಳ್ಳುತ್ತದೆ. 15 ನಿಮಿಷ, ಅದೇ ಜಾಗ, ಅದೇ ಹೊತ್ತು. ಅದರಲ್ಲಿ ಅರ್ಧ ಭಾಗ ನಾಮಸ್ಮರಣೆಗಿರಲಿ. ಉಸಿರು ಎಳೆಯುವಾಗ ಅರ್ಧ ನಾಮ, ಬಿಡುವಾಗ ಇನ್ನರ್ಧ, ಬಿಡುವ ಉಸಿರು ಸ್ವಲ್ಪ ಉದ್ದ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನದಲ್ಲಿ ಲ್ಯಾಟಿನ್ ಜಪಮಾಲೆ ಪ್ರಾರ್ಥನೆಯನ್ನೂ ಮಂತ್ರವನ್ನೂ ಹೇಳುವವರ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿದು, ಹೃದಯದ ಲಯಕ್ಕೆ ಅನುಕೂಲವಾದದ್ದು ಕಂಡುಬಂದಿತ್ತು. ಇದು ದೇಹದ ಕಡೆಯ ಲಾಭ ಮಾತ್ರ, ನಾಮದ ಪೂರ್ತಿ ಮಹಿಮೆಯಲ್ಲ. ಆದರೂ ದೇಹ ಶಾಂತವಾಗದೆ ಮನಸ್ಸಿಗೆ ಏನೂ ಕೇಳಿಸುವುದಿಲ್ಲ ಎಂಬುದು ಗಮನದಲ್ಲಿರಲಿ. ಬೈಬಲ್ಲಿನ ಎಲೀಯ ಪ್ರವಾದಿ ಸಾಯಬೇಕೆಂದು ಮರದ ಕೆಳಗೆ ಬಿದ್ದುಕೊಂಡಾಗ ದೇವದೂತ ಉಪದೇಶ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ ನೀರು ಕೊಟ್ಟ, ಅವನು ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ಮತ್ತೆ ಕೊಟ್ಟ. ಮಾತು ಆಮೇಲೆ ಬಂತು. ಊಟ ನಿದ್ದೆ ಬಿಟ್ಟು ಭಕ್ತಿ ಹೆಚ್ಚಿಸಿಕೊಳ್ಳಲು ಹೋಗಬೇಡಿ.

ಆ 15 ನಿಮಿಷದ ಉಳಿದರ್ಧದಲ್ಲಿ ದೇವರೊಡನೆ ನಿಮ್ಮದೇ ಮಾತಿನಲ್ಲಿ ಮಾತಾಡಿ. ಸಿಟ್ಟು ಬಂದಿದ್ದರೆ ಅದನ್ನೂ ಹೇಳಿ. ದೇವರೆದುರು ದೂರಬಾರದು ಎಂಬ ಸಂಕೋಚ ಬಹಳ ಜನರನ್ನು ಒಳಗೊಳಗೇ ಕೊರೆಯುತ್ತದೆ. ಬೈಬಲ್ಲಿನ 13ನೇ ಕೀರ್ತನೆಯನ್ನು ನೋಡಿ. 6 ವಚನಗಳ ಪುಟ್ಟ ಪ್ರಾರ್ಥನೆ, ಮೊದಲ ಎರಡರಲ್ಲೇ 'ಇನ್ನೆಷ್ಟರವರೆಗೆ' ಎಂಬ ದೂರು 4 ಸಲ ಬರುತ್ತದೆ. ನಡುವಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ. ದೂರು, ಬೇಡಿಕೆ, ಭರವಸೆ ಎಂಬ ಈ ಕ್ರಮವನ್ನು ನೀವೂ ಬಳಸಬಹುದು. ಎಷ್ಟೋ ಜನ ದೂರನ್ನು ನುಂಗಿ ನೇರವಾಗಿ ಮೂರನೆಯದಕ್ಕೆ ಹಾರುತ್ತಾರೆ, ಅದು ಬಾಯಿಮಾತಾಗಿಯೇ ಉಳಿಯುತ್ತದೆ.

ಭಯ ಹೋಯಿತೇ ಇಲ್ಲವೇ ಎಂದು ಪದೇಪದೇ ಪರೀಕ್ಷಿಸಿಕೊಳ್ಳುವುದು ಇನ್ನೊಂದು ತೊಡಕು. ಭಯ ಇದ್ದ ಮಾತ್ರಕ್ಕೆ ನಂಬಿಕೆ ಇಲ್ಲ ಎಂದಾಗುವುದಿಲ್ಲ. ಹೆದರಿದ ಮಗು ಓಡಿ ಬಂದು ತಾಯಿಯ ಸೆರಗು ಹಿಡಿಯುತ್ತದೆ, ಹಿಡಿದ ಮೇಲೂ ಸ್ವಲ್ಪ ಹೊತ್ತು ನಡುಗುತ್ತದೆ. ಭಯವಾದಾಗ ಎಲ್ಲಿಗೆ ಓಡುತ್ತೀರಿ ಎಂಬುದನ್ನು ನೋಡಿಕೊಳ್ಳಿ. ಶಕುನ, ಭವಿಷ್ಯ ಎಂದು ಒಬ್ಬರಾದ ಮೇಲೊಬ್ಬರನ್ನು ಕೇಳುತ್ತ ಹೋದರೆ ಪ್ರತಿ ಉತ್ತರದ ನೆಮ್ಮದಿಯೂ ಒಂದೆರಡು ದಿನಕ್ಕೆ ಆರಿ, ಇನ್ನೊಂದು ಉತ್ತರದ ಹಸಿವು ಹುಟ್ಟುತ್ತದೆ. ಹಣ ಕೊಟ್ಟರೆ ಆಪತ್ತು ತಪ್ಪಿಸುತ್ತೇನೆ ಎನ್ನುವವರಿಂದಂತೂ ದೂರವಿರಿ. ಕಷ್ಟದ ಕಾಲದಲ್ಲಿ ಅವರು ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ.

'ನಿನ್ನ ನಂಬಿಕೆ ಸಾಲದು, ಅದಕ್ಕೇ ಹೀಗಾಯಿತು' ಎಂದು ಹೇಳುವವರೂ ಬರುತ್ತಾರೆ. ಬೈಬಲ್ಲಿನಲ್ಲಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಮಾಡಿದ್ದು ಅದನ್ನೇ. ಮೊದಲ 7 ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು, ಅಲ್ಲಿಯವರೆಗೆ ಚೆನ್ನಾಗಿತ್ತು. ಬಾಯಿ ತೆರೆದ ಮೇಲೆ ತಪ್ಪೆಲ್ಲ ಅವನದೇ ಎಂದು ಸಾಧಿಸಲು ಹೋದರು. ಕೊನೆಯಲ್ಲಿ ದೇವರು ಸಿಟ್ಟಾದದ್ದು ದೂರಿದ ಯೋಬನ ಮೇಲಲ್ಲ, ಆ ಗೆಳೆಯರ ಮೇಲೆ. ಕಾಯಿಲೆಯೂ ಕೆಲಸದ ಅಭದ್ರತೆಯೂ ನಿಮ್ಮ ಭಕ್ತಿಯ ಅಂಕಪಟ್ಟಿಯಲ್ಲ. ಹಾಗೆ ಹೇಳುವವರ ಬದಲು, ನಿಮ್ಮ ಜೊತೆ ಸುಮ್ಮನೆ ಕೂರಬಲ್ಲ ಒಬ್ಬಿಬ್ಬರನ್ನು ಹುಡುಕಿಕೊಳ್ಳಿ. ವಾರಕ್ಕೊಮ್ಮೆ ಅವರೊಂದಿಗೆ ಕೂತು ಪ್ರಾರ್ಥಿಸಿದರೆ ಸಾಕು.

ಇಷ್ಟೆಲ್ಲ ಮಾಡಿಯೂ ಎರಡು ವಾರ ನಿದ್ದೆ ಊಟ ಕೆಟ್ಟೇ ಇದ್ದರೆ ವೈದ್ಯರನ್ನು ಕಾಣಿ. ಬದುಕೇ ಬೇಡ ಎಂಬ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಇವತ್ತೇ ಹತ್ತಿರದವರಿಗೆ ಹೇಳಿ, ಇವತ್ತೇ ವೈದ್ಯರ ಹತ್ತಿರ ಹೋಗಿ. ಅದು ಹಾಳೆಯ ಎಡಗಡೆಯ ಮೊದಲ ಸಾಲು.

ಕೊನೆಗೆ, ಹೆದರಿದ್ದೇ ಆಗಿಬಿಟ್ಟರೆ? ಅದಕ್ಕೂ ಈಗಲೇ ಸಿದ್ಧವಾಗಿರುವುದು ಒಳ್ಳೆಯದು. ಶ್ರೀವೈಷ್ಣವರಲ್ಲಿ ಹಳೆಯದೊಂದು ಚರ್ಚೆಯಿದೆ. ಕೋತಿಮರಿ ತಾಯಿಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಬೆಕ್ಕಿನಮರಿಯನ್ನು ತಾಯಿಯೇ ಬಾಯಲ್ಲಿ ಕಚ್ಚಿ ಹೊತ್ತೊಯ್ಯುತ್ತದೆ. ಭಕ್ತ ಇವೆರಡರಲ್ಲಿ ಯಾವ ಮರಿ? ವಡಗಲೈ ಪರಂಪರೆ ಮೊದಲನೆಯದನ್ನು ಹೇಳಿತು, ತೆಂಗಲೈ ಎರಡನೆಯದನ್ನು. ಆ ಪಂಡಿತವಾದ ಹಾಗಿರಲಿ, ದಿನಬಳಕೆಗೆ ಎರಡೂ ಬೇಕು. ಮೇಲೆ ಹೇಳಿದ ಹಾಳೆ, ಜಪ ಎಲ್ಲ ಕೋತಿಮರಿಯ ದಿನಗಳವು. ಪೆಟ್ಟು ಬಿದ್ದ ಮೊದಲ ವಾರ ಕೈಯಲ್ಲಿ ಹಿಡಿತವೇ ಇರುವುದಿಲ್ಲ. ಆಗ 15 ನಿಮಿಷವನ್ನು 2ಕ್ಕೆ ಇಳಿಸಿ, ಹಾಳೆ ಬಿಡಿ, ಬಾಯಿಗೆ ಬರುವ ಒಂದು ಹೆಸರನ್ನಷ್ಟೇ ಹೇಳಿ. ಅದೂ ಆಗದಿದ್ದರೆ ಆ ಒಬ್ಬಿಬ್ಬರು ಗೆಳೆಯರಿಗೆ 'ನನ್ನ ಪರವಾಗಿ ನೀವು ಪ್ರಾರ್ಥಿಸಿ' ಎಂದು ಹೇಳಿ ಮಲಗಿ. ವಾರ ಕಳೆದ ಮೇಲೆ 5 ನಿಮಿಷ, ಆಮೇಲೆ 10, ಹೀಗೆ ಮತ್ತೆ ಏರಿಸಿಕೊಳ್ಳಿ.