ಓದುಗರ ಪ್ರಶ್ನೆ: ಕೊಟ್ಟಿಗೆಯೊಳಗೆ ಅಡಗಿದ ರೈಲುಗಾಡಿ

ಪ್ರಶ್ನೆ: ನಮ್ಮ ಊರಿನಾಚೆ ಒಂದು ಹೊಲದಲ್ಲಿ ಉದ್ದನೆಯ ಮರದ ಶೆಡ್ ಇದೆ. ಕಿಟಕಿಗಳ ಸಾಲು ನೋಡಿದರೆ ರೈಲಿನ ಡಬ್ಬಿಯ ಹಾಗಿದೆ. ಹೊಲದವರು ಅದನ್ನು ‘ಇಂಟರ್‌ಅರ್ಬನ್’ ಎನ್ನುತ್ತಾರೆ. ಹಾಗೆಂದರೇನು? ಅವರು ಹೇಳುವುದು ನಿಜವೇ ಎಂದು ತಿಳಿಯುವುದು ಹೇಗೆ?
— ಡೇಟನ್, ಒಹಾಯೊ

ಉತ್ತರ: ಒಂದೂರಿನಿಂದ ಇನ್ನೊಂದೂರಿಗೆ ವಿದ್ಯುತ್ತಿನಲ್ಲಿ ಓಡುತ್ತಿದ್ದ ಗಾಡಿ ಅದು. ಊರೊಳಗೆ ಟ್ರಾಮಿನಂತೆ ಬೀದಿಯಲ್ಲೇ ಹೋಗುತ್ತಿತ್ತು, ಊರು ದಾಟಿದ ಮೇಲೆ ರೈಲಿನಂತೆ ತನ್ನದೇ ಹಳಿಯಲ್ಲಿ ಜೋರಾಗಿ ಓಡುತ್ತಿತ್ತು. 1916ರ ಸುಮಾರಿಗೆ ಅಮೆರಿಕದಲ್ಲಿ ಇಂಥ ಹಾದಿ 15,000 ಮೈಲಿಗೂ ಹೆಚ್ಚಿತ್ತು. ಅದರಲ್ಲಿ 2,700 ಮೈಲಿಗೂ ಮೀರಿದ ಪಾಲು ನಿಮ್ಮ ಒಹಾಯೊದ್ದೇ. ಕಾರು, ಬಸ್ಸು, ಕೊನೆಗೆ 1930ರ ದಶಕದ ಆರ್ಥಿಕ ಕುಸಿತ ಎಲ್ಲ ಸೇರಿ ಅದನ್ನು ಮುಗಿಸಿದವು. ಮೋಟಾರು, ತಾಮ್ರದ ತಂತಿ, ಗಾಲಿ ಎಲ್ಲ ಗುಜರಿಗೆ ಹೋದವು. ಮರದ ಮೈಗೆ ಗುಜರಿಯಲ್ಲಿ ಬೆಲೆ ಇರಲಿಲ್ಲ. ಹಾಗಾಗಿ ರೈತರು ಅಗ್ಗಕ್ಕೆ ಕೊಂಡು ಕೋಳಿಗೂಡು, ಕೊಟ್ಟಿಗೆ, ಕೆರೆದಂಡೆಯ ಮನೆ ಮಾಡಿಕೊಂಡರು.

ನಿಜವೋ ಸುಳ್ಳೋ ಎಂಬುದನ್ನು ಟೇಪು ಹೇಳುತ್ತದೆ. ಹೊರಮೈಯ ಅಗಲ ಅಳೆಯಿರಿ. ಬೀದಿಯಲ್ಲಿ ಓಡಬೇಕಾಗಿದ್ದರಿಂದ ಇಂಟರ್‌ಅರ್ಬನ್ ಸಾಮಾನ್ಯವಾಗಿ ಎಂಟೂವರೆಯಿಂದ ಒಂಬತ್ತು ಅಡಿ ಅಗಲ. ಉಗಿಬಂಡಿಯ ಹಿಂದೆ ಓಡುತ್ತಿದ್ದ ಡಬ್ಬಿ ಹತ್ತು ಅಡಿಯ ಹತ್ತಿರ ಬರುತ್ತದೆ. ಉದ್ದ 50ರಿಂದ 62 ಅಡಿ ಇದ್ದರೆ ಇಂಟರ್‌ಅರ್ಬನ್ ಎಂಬ ಅನುಮಾನ ಬಲವಾಗುತ್ತದೆ. 28 ಅಡಿಯಷ್ಟೇ ಇದ್ದರೆ ಅದು ಬರ್ನಿ ಎಂಬ ಪುಟ್ಟ ಊರಗಾಡಿ ಇರಬಹುದು. ಒಂದು ಎಚ್ಚರಿಕೆ: ತುದಿಯ ಚಾಲಕನ ಗೂಡನ್ನು ಗರಗಸದಲ್ಲಿ ಕತ್ತರಿಸಿ ಹಾಕಿದ ಗಾಡಿಗಳು ಬೇಕಾದಷ್ಟಿವೆ. ಆದ್ದರಿಂದ ಉದ್ದವೊಂದನ್ನೇ ನಂಬಬೇಡಿ.

ಆಮೇಲೆ ಒಳಗೆ ಹೋಗಿ ನೆಲ ನೋಡಿ. ಎರಡೂ ತುದಿಯ ಕಡೆ ನೆಲದಲ್ಲಿ ಎತ್ತಿ ತೆಗೆಯುವ ಚೌಕ ಮುಚ್ಚಳಗಳಿದ್ದರೆ ಕೆಳಗೆ ಮೋಟಾರುಗಳಿದ್ದವು ಎಂದರ್ಥ. ಉಗಿರೈಲಿನ ಡಬ್ಬಿಗೆ ಅವು ಬೇಕಿರಲಿಲ್ಲ. ಚಾಲಕ ನಿಲ್ಲುವ ಕಡೆ ಗಂಟೆ ಬಾರಿಸಲು ಕಾಲಿನಿಂದ ಒತ್ತುವ ಗುಂಡಿಯ ತೂತು, ಸೂರಿನ ಮೇಲೆ ಟ್ರಾಲಿ ಕಂಬ (ಮೇಲಿನ ತಂತಿಯಿಂದ ವಿದ್ಯುತ್ ಪಡೆಯುವ ಕೋಲು) ನಿಂತಿದ್ದ ಹಲಗೆ, ಅದರ ಬೋಲ್ಟಿನ ತೂತುಗಳು ಸಿಕ್ಕರೆ ಮತ್ತೆ ಚರ್ಚೆಯೇ ಬೇಡ. ಹೊಲದವರ ಅಪ್ಪಣೆ ಕೇಳಿ ಹೋಗಿ, ಒಂದು ಮೊಳೆಯನ್ನೂ ಕಿತ್ತು ತರಬೇಡಿ. ನೆಲ ಕೊಳೆತಿರುತ್ತದೆ, ತೊಲೆಯ ನೇರಕ್ಕೇ ಕಾಲಿಡಿ. ಹಕ್ಕಿ, ಬಾವಲಿಯ ಹಿಕ್ಕೆ ಬಿದ್ದಿದ್ದರೆ ಮುಖಗವಸು ಕಟ್ಟದೆ ಗುಡಿಸಬೇಡಿ. ಆ ದೂಳಿನಿಂದ ಶ್ವಾಸಕೋಶಕ್ಕೆ ಶಿಲೀಂಧ್ರದ ಸೋಂಕು ತಗಲಬಹುದು.

ಪ್ರಶ್ನೆ: ಇಂಟರ್‌ಅರ್ಬನ್ ಎಂದು ಖಚಿತವಾಯಿತು. ಕಬ್ಬಿಣದ ಒಂದು ಬಿಡಿಭಾಗದ ಮೇಲೆ ‘ಪೇಟೆಂಟ್, ಏಪ್ರಿಲ್ 1’ ಎಂದು ಶುರುವಾಗಿ ಮುಂದಿನ ಅಂಕೆ ತುಕ್ಕು ತಿಂದಿದೆ, ಕೊನೆಯಲ್ಲಿ 1903 ಇದೆ. ಗಾಡಿ 1903ರದ್ದು ಎನ್ನಬಹುದೇ? ಕಟ್ಟಿದವರು ಯಾರು?
— ಫೋರ್ಟ್ ವೇನ್, ಇಂಡಿಯಾನಾ

ಉತ್ತರ: ಮೊದಲು ಆ ತಾರೀಕು ಬಿಡಿಸೋಣ. ಅಮೆರಿಕದ ಪೇಟೆಂಟುಗಳು ಮಂಗಳವಾರವೇ ಹೊರಬರುತ್ತವೆ, 19ನೇ ಶತಮಾನದ ನಡುವಿನಿಂದಲೂ ಅದೇ ರೂಢಿ. 1903ರ ಏಪ್ರಿಲ್‌ನಲ್ಲಿ ಮಂಗಳವಾರ ಬಿದ್ದದ್ದು 7, 14, 21, 28ರಂದು. ಒಂದರಿಂದ ಶುರುವಾಗುವ ಎರಡಂಕಿ 14 ಮಾತ್ರ. ತುಕ್ಕು ತಿಂದದ್ದು 4.

ಆದರೆ ಅದು ಗಾಡಿಯ ಹುಟ್ಟಿದ ದಿನವಲ್ಲ. ಆ ಬಿಡಿಭಾಗ ಅದಕ್ಕಿಂತ ಹಿಂದಿನದಲ್ಲ ಎಂದಷ್ಟೇ ಹೇಳಬಹುದು. ಅದೇ ಅಚ್ಚಿನಲ್ಲಿ ಹತ್ತು ವರ್ಷ ಎರಕ ಹೊಯ್ದಿರಬಹುದು, ಹಳೆ ಗಾಡಿಗೆ ಆಮೇಲೆ ಹಾಕಿದ್ದೂ ಇರಬಹುದು. ಸೀಟಿನ ಮೇಲೆ ಹೇಲ್ ಅಂಡ್ ಕಿಲ್ಬರ್ನ್, ಒಲೆಯ ಮೇಲೆ ಪೀಟರ್ ಸ್ಮಿತ್ ಎಂಬ ಹೆಸರು ಕಂಡು ಗಾಡಿ ಕಟ್ಟಿದವರೇ ಸಿಕ್ಕರು ಎಂದು ಹಿಗ್ಗುವವರಿದ್ದಾರೆ. ಅವರು ಎಲ್ಲ ಕಾರ್ಖಾನೆಗಳಿಗೂ ಸಾಮಾನು ಒದಗಿಸುತ್ತಿದ್ದವರು.

ಕಾಲ ಹೇಳುವುದು ಸೂರು ಮತ್ತು ಗೋಡೆ. ನಡುವೆ ಎತ್ತರಿಸಿ ಎರಡೂ ಬದಿ ಬೆಳಕಿಂಡಿ ಇಟ್ಟ ಜೋಡುಸೂರಿದ್ದರೆ ಬಹುಪಾಲು 1912–15ಕ್ಕಿಂತ ಹಿಂದಿನದು. ಒಂದೇ ಕಮಾನಿನ ಸೂರು ಅದರ ನಂತರದ್ದು. ಗೋಡೆಗೆ ಒಂದಕ್ಕೊಂದು ಕಚ್ಚಿಕೊಂಡ ನೆಟ್ಟನೆಯ ಕಿರುಹಲಗೆಗಳಿದ್ದರೆ ಹಳೆಯದು, ಉಕ್ಕಿನ ತಗಡಿದ್ದರೆ ಸುಮಾರು 1910ರಿಂದ ಈಚಿನದು. ಇಲ್ಲೊಂದು ಮೋಸವಿದೆ. ಎಷ್ಟೋ ಮರದ ಗಾಡಿಗಳಿಗೆ ಆಮೇಲೆ ತಗಡು ಹೊದಿಸಿ, ಕಿಟಕಿಯ ಮೇಲಿನ ಬಣ್ಣದ ಗಾಜಿನ ಕಮಾನುಗಳನ್ನೂ ಮುಚ್ಚಿದರು. ಒಳಗಿನಿಂದ ನೋಡಿದರೆ ಕಮಾನು ಹಾಗೇ ಇರುತ್ತದೆ.

ಎರಡು ಕಿಟಕಿಗೆ ಸೇರಿ ಒಂದು ದೊಡ್ಡ ಕಮಾನು ಇದ್ದರೆ ನೈಲ್ಸ್, ಜ್ಯುವೆಟ್, ಬಾರ್ನಿ ಅಂಡ್ ಸ್ಮಿತ್ ಎಂಬ ಮೂರು ಕಾರ್ಖಾನೆಗಳ ಹೆಸರೂ ನೆನಪಿಗೆ ಬರಬೇಕು. ಮೂರೂ ಒಹಾಯೊದವೇ. ಇವುಗಳಲ್ಲಿ ನೈಲ್ಸ್ ಗಾಡಿ ಕಟ್ಟಿದ್ದು 1901ರಿಂದ 1917ರವರೆಗೆ ಮಾತ್ರ, ಆ ಕಿರಿದಾದ ಅವಧಿ ಹುಡುಕುವವರಿಗೆ ಅನುಕೂಲ. ಕಿಟಕಿಯ ಗಾಜು ಮೇಲಕ್ಕೆ ಸರಿದು ಸೂರಿನೊಳಗಿನ ಜೇಬಿಗೆ ಹೋಗುವಂತಿದ್ದರೆ ಅದು ಫಿಲಡೆಲ್ಫಿಯದ ಬ್ರಿಲ್ ಪದ್ಧತಿ. 1904ರಲ್ಲಿ ಕ್ಲೀವ್‌ಲ್ಯಾಂಡಿನ ಕೂಲ್‌ಮನ್ ಕಾರ್ಖಾನೆಯೂ ಬ್ರಿಲ್ ಕೈಸೇರಿತು, ಹಾಗಾಗಿ ಈ ಗುರುತಿನ ಬಲದ ಮೇಲೆ ಬ್ರಿಲ್ ಎಂದೇ ಬರೆದುಬಿಡಬೇಡಿ. ಕೆಳಗಿನ ಗೋಡೆ ಒಳಕ್ಕೆ ಬಾಗಿದ, ಹಗುರ ಉಕ್ಕಿನ ಗಾಡಿಯಾದರೆ ಸಿನ್ಸಿನಾಟಿ ಕಾರ್ ಕಂಪನಿಯ 1920ರ ದಶಕದ ಕೆಲಸ. ಅದನ್ನು ಬೇರೆ ಯಾವುದರ ಜೊತೆಗೂ ಗೊಂದಲ ಮಾಡಿಕೊಳ್ಳುವುದು ಕಷ್ಟ.

ಕೊನೆಗೆ ನಾಲ್ಕು ಅಳತೆ ಬರೆದಿಟ್ಟುಕೊಳ್ಳಿ: ಒಟ್ಟು ಉದ್ದ, ಅಗಲ, ಗಾಲಿಚೌಕಟ್ಟು ಕೂರುತ್ತಿದ್ದ ಎರಡು ನಡುಮೊಳೆ ತೂತುಗಳ ಅಂತರ, ಕಿಟಕಿ ಕಂಬಗಳ ಅಂತರ. ಕೊನೆಯದಕ್ಕೆ ಒಂದೇ ಕಿಟಕಿ ಅಳೆದರೆ ಮರ ಉಬ್ಬಿದ್ದರಿಂದ ತಪ್ಪು ಬರುತ್ತದೆ. ಆರು ಕಿಟಕಿ ಒಟ್ಟಿಗೆ ಅಳೆದು ಆರರಿಂದ ಭಾಗಿಸಿ. ಕಾರ್ಖಾನೆಯ ನಕ್ಷೆಗೆ ಹೋಲಿಸುವಾಗ ಕಾಲು ಅಂಗುಲವೂ ಲೆಕ್ಕಕ್ಕೆ ಬರುತ್ತದೆ. ಸೇಂಟ್ ಲೂಯಿಸ್ ಕಾರ್ ಕಂಪನಿಯ ದಾಖಲೆ ಅದೇ ಊರಿನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದೆ, ಬ್ರಿಲ್‌ನ ಚಿತ್ರಗಳು ಹಿಸ್ಟಾರಿಕಲ್ ಸೊಸೈಟಿ ಆಫ್ ಪೆನ್ಸಿಲ್ವೇನಿಯದಲ್ಲಿವೆ.

ಪ್ರಶ್ನೆ: ನಮ್ಮ ಕಡೆ ಇಂಥ ಗಾಡಿ ಇತ್ತೇ?
— ತುಮಕೂರು

ಉತ್ತರ: ಇಲ್ಲ. ಹತ್ತಿರದ ಉದಾಹರಣೆ ಮದ್ರಾಸು. ಅಲ್ಲಿ 1895ರಲ್ಲೇ ವಿದ್ಯುತ್ ಟ್ರಾಮ್ ಬಂತು, 1953ರಲ್ಲಿ ನಿಂತಿತು, ಆದರೆ ಅದು ಊರೊಳಗಿನದು. ಅಲ್ಲಿನ 1931ರ ಬೀಚ್–ತಾಂಬರಂ ಮೀಟರ್ ಗೇಜ್ ವಿದ್ಯುತ್ ರೈಲು ಉಪನಗರದ್ದು.

ಪ್ರಶ್ನೆ: ಗಾಡಿಯ ಸಂಖ್ಯೆ ಸಿಕ್ಕರೆ ಎಲ್ಲ ತಿಳಿಯುತ್ತದೆ ಎನ್ನುತ್ತಾರೆ. ಎಂಟು ಹತ್ತು ಕೋಟು ಬಣ್ಣದ ಕೆಳಗೆ ಅದನ್ನು ಹುಡುಕುವುದು ಹೇಗೆ?
— ಗ್ರ್ಯಾಂಡ್ ರ‍್ಯಾಪಿಡ್ಸ್, ಮಿಷಿಗನ್

ಉತ್ತರ: ಬಣ್ಣ ಕೆರೆಯುವುದು ಕೊನೆಯ ಉಪಾಯ. ಮೊದಲು ಬಣ್ಣ ಮುಟ್ಟದ ಕಡೆ ನೋಡಿ. ಗಾಜಿನ ಚೌಕಟ್ಟಿನ ಮೇಲಂಚು, ಬಾಗಿಲಿನ ನೆತ್ತಿ, ಒಳಗಿನ ಅಲಂಕಾರ ಪಟ್ಟಿಗಳ ಹಿಂಬದಿ ನೋಡಿ. ಒಂದು ಗಾಡಿಯ ಭಾಗ ಇನ್ನೊಂದಕ್ಕೆ ಬೆರೆಯಬಾರದೆಂದು ಬಡಗಿಗಳು ಅಲ್ಲಿ ಸಂಖ್ಯೆ ಗುದ್ದುತ್ತಿದ್ದರು, ಇಲ್ಲವೇ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಒಂದೇ ಕಡೆ ಸಿಕ್ಕ ಸಂಖ್ಯೆಯನ್ನು ನಂಬಬೇಡಿ, ಆ ಕಿಟಕಿ ಬೇರೆ ಗಾಡಿಯಿಂದ ಬಂದಿರಬಹುದು. ಮೂರು ನಾಲ್ಕು ಕಡೆ ಒಂದೇ ಸಂಖ್ಯೆ ಇರಬೇಕು.

ಬಣ್ಣದ ಕೆಳಗೆ ಹುಡುಕಬೇಕಾದ ಜಾಗ ಮೂರು: ಕಿಟಕಿಯ ಕೆಳಗೆ ಗೋಡೆಯ ನಡುಭಾಗ ಮತ್ತು ತುದಿಗಳು, ಮುಂಭಾಗದ ಎದೆ, ಒಳಗೆ ಅಡ್ಡಗೋಡೆಯ ಬಾಗಿಲ ಮೇಲೆ. ಕಂಪನಿಯ ಹೆಸರು ಕಿಟಕಿಯ ಮೇಲೆ, ಸೂರಿನ ಅಂಚಿಗಿರುವ ಉದ್ದ ಹಲಗೆಯಲ್ಲಿರುತ್ತದೆ. ಕತ್ತಲಾದ ಮೇಲೆ ಹೋಗಿ ಟಾರ್ಚನ್ನು ಗೋಡೆಗೆ ತಾಗಿಸಿ, ಬೆಳಕು ಗೋಡೆಯುದ್ದಕ್ಕೆ ಸವರಿಕೊಂಡು ಹೋಗುವಂತೆ ಹಿಡಿಯಿರಿ. ಚಿನ್ನದ ರೇಕಿನ ಅಕ್ಷರ ಬಣ್ಣದ ಕೆಳಗೂ ಕೂದಲೆಳೆಯಷ್ಟು ಉಬ್ಬಿರುತ್ತದೆ, ಹಗಲಲ್ಲಿ ಕಾಣದ ಅಂಚು ಆಗ ನೆರಳಾಗಿ ಕಾಣುತ್ತದೆ. ಅದರ ಫೋಟೋ ತೆಗೆದ ನಂತರವೇ ಮುಂದಿನ ಕೆಲಸ.

ಕೆರೆಯಲೇಬೇಕಾದರೆ 220 ನಂಬರಿನ ವಾಟರ್ ಪೇಪರ್ ನೀರಿನಲ್ಲಿ ಅದ್ದಿ ಎರಡು ಅಂಗುಲದ ವೃತ್ತ ಉಜ್ಜಿ. ಬಣ್ಣ ಬದಲಾಗುತ್ತಿದ್ದಂತೆ 400, ಕೊನೆಗೆ 600. ನಡುವೆ ಆಳ, ಅಂಚಿಗೆ ತೆಳು ಆಗುವಂತೆ ಉಜ್ಜಿದರೆ ಪದರಗಳು ಈರುಳ್ಳಿ ಕತ್ತರಿಸಿದಂತೆ ಉಂಗುರ ಉಂಗುರವಾಗಿ ಎದ್ದು ಕಾಣುತ್ತವೆ. ಅಕ್ಷರದ ಪದರ ಯಾವುದೆಂದು ತಿಳಿದ ಮೇಲೆ ವೃತ್ತ ಹಿಗ್ಗಿಸಿ. ಆ ಕಾಲದ ಬಣ್ಣದಲ್ಲಿ ಸೀಸವಿದೆ. ಒಣಗಿದ್ದಂತೆ ಉಜ್ಜಬಾರದು, ಬಿಸಿಗಾಳಿಯ ಯಂತ್ರ ಮುಟ್ಟಲೇಬಾರದು, ಉಜ್ಜಿದ ಕೆಸರನ್ನು ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಹಾಕಿ.

ಎರಡು ಸಂಖ್ಯೆ ಸಿಕ್ಕರೆ ಗಾಬರಿ ಬೇಡ. ಕೆಳಗಿನದು ಮೊದಲ ಮಾಲೀಕನದು, ಮೇಲಿನದು ಕಂಪನಿ ಕೈಬದಲಿಸಿದ ಮೇಲಿನದು. 1930ರಲ್ಲಿ ಹಲವು ಸಂಸ್ಥೆ ಸೇರಿ ಇಂಡಿಯಾನಾ ರೈಲ್‌ರೋಡ್ ಆದಾಗ ಇಂಥ ಮರುಸಂಖ್ಯೆ ನಡೆಯಿತು. ಅದು ಓಡಿದ್ದು 1941ರವರೆಗೆ.

ಪ್ರಶ್ನೆ: ನಾನು ಕಂಡ ಗಾಡಿಯ ಕೆಳಗೆ ಬೋಗಿಗಳೂ ಇವೆ. ಅವು ಅದರವೇ ಇರಬಹುದಲ್ಲವೇ?
— ಷಿಕಾಗೊ

ಉತ್ತರ: ಮೊದಲು ಮಾತಿನ ಗೊಂದಲ. ನಾವು ಇಡೀ ಡಬ್ಬಿಗೇ ಬೋಗಿ ಎನ್ನುತ್ತೇವೆ, ನಿಜವಾಗಿ ಬೋಗಿ ಎಂದರೆ ಗಾಲಿ, ಅಚ್ಚು, ಸ್ಪ್ರಿಂಗು ಹೊತ್ತ ಚೌಕಟ್ಟು. ನೀವು ಸರಿಯಾಗಿಯೇ ಬಳಸಿದ್ದೀರಿ. ಅಮೆರಿಕದವರು ಅದನ್ನು ಟ್ರಕ್ ಎನ್ನುತ್ತಾರೆ, ಲಾರಿ ಎಂದು ತಿಳಿದು ಮೋಸ ಹೋಗಬೇಡಿ.

ಅವು ಅದರವೇ ಆಗಿರುವ ಸಾಧ್ಯತೆ ಕಡಿಮೆ. ಗಾಲಿಯೊಡನೆ ಉಳಿದದ್ದು ಅಪರೂಪ, ಸಾಮಾನ್ಯವಾಗಿ ನಂತರ ಯಾರೋ ತಂದು ಇಟ್ಟಿರುತ್ತಾರೆ. ಚೌಕಟ್ಟಿನ ಎರಕದ ಅಕ್ಷರ ಓದಿ. ಬಾಲ್ಡ್‌ವಿನ್ ಕಂಪನಿಯದಾದರೆ ‘84-30’ ಎಂಬಂಥ ಹೆಸರಿರುತ್ತದೆ: ಅಚ್ಚಿನಿಂದ ಅಚ್ಚಿಗೆ 84 ಅಂಗುಲ, ಹೊರುವ ಭಾರ 30 ಸಾವಿರ ಪೌಂಡ್. ಟೇಪು ಹಿಡಿದು 84 ಬರುತ್ತದೆಯೇ ನೋಡಿ. ಮೋಟಾರು ಕೂರುವ ಜಾಗವೇ ಇಲ್ಲದಿದ್ದರೆ ಅದು ಉಗಿರೈಲಿನ ಡಬ್ಬಿಯಿಂದ ಬಂದದ್ದಿರಬಹುದು.

ಪ್ರಶ್ನೆ: ಹಳೆ ಮನೆಯೊಂದನ್ನು ಕೆಡವುವಾಗ ಒಳಗೆ ಇಡೀ ಗಾಡಿ ಸಿಕ್ಕಿದೆ. ಸಾಗಿಸುವವರೆಗೆ ಒಂದು ಚಳಿಗಾಲ ಕಾಯಬೇಕು. ಏನು ಮಾಡಬೇಕು?
— ಆಕ್ರನ್, ಒಹಾಯೊ

ಉತ್ತರ: ಮನೆಯ ಸೂರನ್ನು ಸದ್ಯ ಕೆಡವಬೇಡಿ. ಇಷ್ಟು ವರ್ಷ ಅದೇ ಕೊಡೆಯಾಗಿತ್ತು. ಈಗಾಗಲೇ ಕೆಡವಿದ್ದರೆ ಟಾರ್ಪಾಲನ್ನು ಮೈಗೆ ಬಿಗಿದು ಕಟ್ಟಬೇಡಿ, ಒಳಗಿನ ತೇವ ಹೊರಹೋಗದೆ ಒಂದೇ ಚಳಿಗಾಲದಲ್ಲಿ ಮರ ಮೆತ್ತಗಾಗುತ್ತದೆ. ಸೂರಿನ ಮೇಲೆ ಗಳುಗಳ ಚಪ್ಪರ ಕಟ್ಟಿ, ನಡುವೆ ಒಂದಡಿ ಗಾಳಿ ಬಿಟ್ಟು ಅದರ ಮೇಲೆ ಹೊದಿಸಿ. ಒಲೆಯ ಸುತ್ತ, ವಿದ್ಯುತ್ ಫಲಕದ ಹಿಂದೆ ಬಿಳಿ ನಾರಿನ ಹೊದಿಕೆ ಇದ್ದರೆ ಅದು ಕಲ್ನಾರು ಎಂದೇ ತಿಳಿದು ಮುಟ್ಟದೆ ಬಿಡಿ.

ಎತ್ತುವ ಮೊದಲು ದಬ್ಬಳದಿಂದ ಅಡಿತೊಲೆಗಳನ್ನು ಅಡಿಗೊಮ್ಮೆ ಚುಚ್ಚಿ ನೋಡಿ. ಕಾಲು ಅಂಗುಲಕ್ಕಿಂತ ಒಳಗೆ ಹೋದ ಕಡೆ ಸೀಮೆಸುಣ್ಣದ ಗುರುತು ಹಾಕಿ, ಅಲ್ಲಿ ಜಾಕ್ ಇಡಬಾರದು. ಭಾರ ಹೊರಬೇಕಾದದ್ದು ಹಿಂದೆ ಗಾಲಿಚೌಕಟ್ಟಿದ್ದ ಎರಡು ಜಾಗದಲ್ಲೇ. ನಡುವೆ ಎತ್ತಿದರೆ ಬೆನ್ನು ಮುರಿಯುತ್ತದೆ. ಕೆಳಗೆ ತುದಿಯಿಂದ ತುದಿಗೆ ಓಡುವ ಉದ್ದ ಕಬ್ಬಿಣದ ಸರಳುಗಳಿದ್ದರೆ ಅವುಗಳ ಟರ್ನ್‌ಬಕಲ್ಲಿಗೆ (ಸರಳನ್ನು ಬಿಗಿಸುವ ತಿರುಪಿಗೆ) ಎಣ್ಣೆ ಬಿಟ್ಟು ಕಾಯಿರಿ. ಎಲ್ಲ ಸರಳನ್ನೂ ಸರದಿಯಲ್ಲಿ ಕಾಲು ಸುತ್ತಿನಂತೆ ಬಿಗಿಸಿ. ಒಂದನ್ನೇ ಪೂರ್ತಿ ಬಿಗಿಸಿದರೆ ಮೈ ತಿರುಚಿಕೊಳ್ಳುತ್ತದೆ.

ಮನೆ ಮಾಡಿಕೊಂಡವರು ಗೋಡೆಯ ನಡುವೆ ಬಾಗಿಲು ಕತ್ತರಿಸಿದ್ದಾರೆಯೇ? ಕಿಟಕಿಯ ಕೆಳಗಿನ ಗೋಡೆಯೇ ಈ ಗಾಡಿಯ ಬೆನ್ನೆಲುಬು. ಅದು ತುಂಡಾದ ಕಡೆ ಗಾಡಿ ಜೋಲುತ್ತದೆ. ಎತ್ತುವ ಮೊದಲು ಆ ಬಾಗಿಲಿನ ಎರಡೂ ಪಕ್ಕ ನಾಲ್ಕಡಿ ದಾಟುವಷ್ಟು ಉದ್ದದ ದಪ್ಪ ತೊಲೆಯನ್ನು ಒಳಗೊಂದು ಹೊರಗೊಂದು ಇಟ್ಟು, ಗೋಡೆಯ ಮೂಲಕ ಬೋಲ್ಟ್ ಹಾಕಿ ಬಿಗಿಯಿರಿ. ಮೊಳೆ ಸಾಲದು, ಒಣಗಿದ ಮರದಲ್ಲಿ ಅದು ಹಿಡಿಯುವುದಿಲ್ಲ.