ಭುಜಕ್ಕೆ ಹಗುರ, ನಾದಕ್ಕೆ ತುಂಬು: ನಿಮ್ಮ ಗಿಟಾರ್ ಪ್ರಶ್ನೆಗೆ

ಮಾನ್ಯರೇ, ದೊಡ್ಡ ಒಡಲಿನ ಡ್ರೆಡ್‌ನಾಟ್ ಗಿಟಾರ್ ನುಡಿಸುವಾಗ ಬಲಭುಜ ನೋಯುತ್ತದೆ, ಚಿಕ್ಕದನ್ನು ಕೊಂಡರೆ ನಾದ ತೆಳುವಾದೀತೆಂಬ ಅಳುಕಿದೆ ಎಂದು ಬರೆದಿದ್ದೀರಿ. ಟ್ರಿಪಲ್ ಓ ಅಥವಾ ಓಎಂ ಎಂಬ ಮಧ್ಯಮ ಗಾತ್ರದ ಆಕಾರದ ಗಿಟಾರನ್ನು ನೋಡಿರೆಂಬುದು ನನ್ನ ದೃಢವಾದ ಸಲಹೆ. ಇವುಗಳ ಒಡಲು ಸುಮಾರು 15 ಇಂಚು ಅಗಲವಿದ್ದು, ಸೊಂಟ ಕಿರಿದಾಗಿ, ಆಳವೂ ಕಡಿಮೆಯಿರುವುದರಿಂದ ತೋಳನ್ನು ಎತ್ತಿಹಿಡಿಯುವ ಶ್ರಮ ತಗ್ಗುತ್ತದೆ. ಮಂದ್ರದ ಅಬ್ಬರ ತುಸು ಇಳಿದರೂ ಆರೂ ತಂತಿಗಳು ಸಮತೂಕದಲ್ಲಿ ಕೇಳಿಸುತ್ತವೆ. ತುಂಬುನಾದಕ್ಕೆ ಗಾತ್ರದಷ್ಟೇ ಮುಖ್ಯವಾದುದು ಮೇಲ್ಹಲಗೆ: ಅದು ಪ್ಲೈವುಡ್ ಆಗಿರದೆ ಘನಮರವಾಗಿರಲಿ, ಬೆರಳಿನಿಂದ ಮೀಟುವವರಾದರೆ ಮೃದುಸ್ಪರ್ಶಕ್ಕೂ ಸ್ಪಂದಿಸುವ ಸೀಡರ್ ಮರದ್ದಾಗಿರಲಿ.

ಆದರೆ ನಮ್ಮ ಚಿಕ್ಕಮಗಳೂರಿನ ಮಳೆಗಾಲದಲ್ಲಿ ಘನಮರ ತೇವ ಹೀರಿ ಉಬ್ಬಿ, ತಂತಿಗಳು ಮೇಲೆದ್ದು ಒತ್ತಲು ಕಷ್ಟವಾಗುತ್ತದೆ. ಆದ್ದರಿಂದ ಗಿಟಾರ್ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಟ್ಟು, ತೇವಾಂಶವನ್ನು ಶೇ. 45ರಿಂದ 55ರ ಆಸುಪಾಸಿನಲ್ಲಿ ಕಾಪಾಡಿಕೊಳ್ಳಿ.