ಅಂಕಿ ಕಾಣುತ್ತದೆ, ಮೊತ್ತ ಮಾತ್ರ ಸೊನ್ನೆ: ಓದುಗರ ಎಕ್ಸೆಲ್ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಲಬುರಗಿಯ ನೆಹರೂ ಗಂಜ್‌ನಲ್ಲಿ ಅಡತಿ ಅಂಗಡಿಯೊಂದರ ಲೆಕ್ಕ ಬರೆಯುತ್ತೇನೆ. ತೊಗರಿ ಆವಕದ ದಿನಗಳಲ್ಲಿ ರೈತರ ಹೆಸರು, ಚೀಲ, ತೂಕ, ಧಾರಣೆಗಳನ್ನು ಎಕ್ಸೆಲ್‌ನಲ್ಲಿ ತುಂಬುತ್ತೇವೆ. ತೂಕದ ಅಂಕಿಗಳನ್ನು ಬೇರೊಂದು ಸಾಫ್ಟ್‌ವೇರ್‌ನಿಂದ ಕಾಪಿ ಮಾಡಿ ಹಾಕಿದ ಮೇಲೆ ಸಮ್ ಫಾರ್ಮುಲಾ ಸೊನ್ನೆ ತೋರಿಸುತ್ತಿದೆ. ಆದರೆ ಎರಡು ಸೆಲ್‌ಗಳ ನಡುವೆ ಕೂಡಿಸುವ ಚಿಹ್ನೆ ಹಾಕಿದರೆ ಉತ್ತರ ಸರಿಯಾಗಿಯೇ ಬರುತ್ತದೆ. ಫಾರ್ಮುಲಾದಲ್ಲಿ ಏನು ತಪ್ಪಾಗಿದೆ?

ಉತ್ತರ: ನಿಮ್ಮ ಫಾರ್ಮುಲಾದಲ್ಲಿ ತಪ್ಪಿಲ್ಲ. ನಿಮ್ಮ ಕಣ್ಣಿಗೆ ಅಂಕಿಯಾಗಿ ಕಾಣುವ ತೂಕವನ್ನು ಎಕ್ಸೆಲ್ ಅಕ್ಷರಗಳ ಸಾಲು, ಅಂದರೆ ಟೆಕ್ಸ್ಟ್, ಎಂದು ಇಟ್ಟುಕೊಂಡಿದೆ. ಸಮ್ ಫಾರ್ಮುಲಾ ತನಗೆ ತೋರಿಸಿದ ಸೆಲ್‌ಗಳಲ್ಲಿ ಟೆಕ್ಸ್ಟ್ ಸಿಕ್ಕರೆ ಯಾವ ಸೂಚನೆಯನ್ನೂ ಕೊಡದೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಕೂಡಿಸುವ ಚಿಹ್ನೆಯಾದರೋ ಟೆಕ್ಸ್ಟ್ ರೂಪದ ಅಂಕಿಯನ್ನು ಮೊದಲು ಸಂಖ್ಯೆಯಾಗಿ ಬದಲಿಸಿಕೊಂಡು ನಂತರ ಕೂಡಿಸುತ್ತದೆ. ನೀವು ಕಂಡ ವ್ಯತ್ಯಾಸಕ್ಕೆ ಇದೇ ಕಾರಣ.

ಮೊತ್ತ ಸೊನ್ನೆ ಬಂದಿದ್ದರಿಂದ ದೋಷ ನಿಮ್ಮ ಗಮನಕ್ಕೆ ಬಂತು, ಅದು ಒಳ್ಳೆಯದೇ ಆಯಿತು. ನಲವತ್ತು ಸಾಲುಗಳಲ್ಲಿ ಒಂದು ಸಾಲು ಮಾತ್ರ ಟೆಕ್ಸ್ಟ್ ಆಗಿದ್ದರೆ ಮೊತ್ತ ನಂಬುವಂತೆಯೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. 2025-26ನೇ ಸಾಲಿನಲ್ಲಿ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಆ ದರದಲ್ಲಿ 12 ಕ್ವಿಂಟಲಿನ ಒಂದು ಸಾಲು ಲೆಕ್ಕದಿಂದ ಜಾರಿದರೂ 96,000 ರೂಪಾಯಿ ವ್ಯತ್ಯಾಸ ಬರುತ್ತದೆ. ಆದ್ದರಿಂದ ತೂಕದ ಕಾಲಂನ ಕೆಳಗೆ ಕೌಂಟ್ ಮತ್ತು ಕೌಂಟ್‌ಎ ಎಂಬ ಎರಡು ಫಾರ್ಮುಲಾಗಳನ್ನು ಖಾಯಂ ಆಗಿ ಇಡುವಂತೆ ಸಲಹೆ ಮಾಡುತ್ತೇನೆ. ಮೊದಲನೆಯದು ಸಂಖ್ಯೆ ಇರುವ ಸೆಲ್‌ಗಳನ್ನು ಮಾತ್ರ ಎಣಿಸುತ್ತದೆ, ಎರಡನೆಯದು ಖಾಲಿ ಇಲ್ಲದ ಎಲ್ಲ ಸೆಲ್‌ಗಳನ್ನೂ ಎಣಿಸುತ್ತದೆ. ಎರಡೂ ಹೊಂದದಿದ್ದರೆ ಎಲ್ಲೋ ಟೆಕ್ಸ್ಟ್ ಸೇರಿಕೊಂಡಿದೆ ಎಂದು ತಿಳಿಯಬೇಕು. ಯಾವ ಸೆಲ್ ಎಂದು ಹುಡುಕಲು ಪಕ್ಕದ ಕಾಲಂನಲ್ಲಿ ಈಸ್‌ನಂಬರ್ ಫಾರ್ಮುಲಾ ಹಾಕಿ ಕೆಳಗೆ ಎಳೆಯಿರಿ. ಫಾಲ್ಸ್ ಎಂದು ಬಂದ ಸಾಲೇ ತಪ್ಪಿನ ಸಾಲು. ಸಂಖ್ಯೆ ಬಲಕ್ಕೂ ಟೆಕ್ಸ್ಟ್ ಎಡಕ್ಕೂ ನಿಲ್ಲುತ್ತದೆ ಎಂಬ ಗುರುತೂ ಉಂಟು, ಆದರೆ ಅಂದಕ್ಕಾಗಿ ಎಲ್ಲವನ್ನೂ ನಡುವೆ ನಿಲ್ಲಿಸುವ ನಮ್ಮ ಅಂಗಡಿಗಳ ಶೀಟ್‌ಗಳಲ್ಲಿ ಆ ಗುರುತು ಮೊದಲೇ ಅಳಿಸಿಹೋಗಿರುತ್ತದೆ.

ಸರಿಪಡಿಸಲು ತೂಕದ ಕಾಲಂ ಒಂದನ್ನೇ ಆಯ್ದು, ಡೇಟಾ ಮೆನುವಿನಲ್ಲಿ ಟೆಕ್ಸ್ಟ್ ಟು ಕಾಲಮ್ಸ್ ತೆರೆದು, ಮತ್ತೇನನ್ನೂ ಬದಲಿಸದೆ ಫಿನಿಶ್ ಒತ್ತಿರಿ. ಬಹುತೇಕ ಅಂಕಿಗಳು ಅಷ್ಟರಲ್ಲೇ ಸಂಖ್ಯೆಗಳಾಗುತ್ತವೆ. ಆಮೇಲೂ ಹಠ ಹಿಡಿಯುವ ಸೆಲ್‌ಗಳಲ್ಲಿ ಕಣ್ಣಿಗೆ ಕಾಣದ ಒಂದು ವಿಶೇಷ ಖಾಲಿ ಜಾಗ ಇರಬಹುದು. ವೆಬ್ ಪುಟಗಳಿಂದ ಕಾಪಿ ಮಾಡಿದಾಗ ಅಂಕಿಯ ಜೊತೆ ಬರುವ ಇದರ ಸಂಕೇತ ಸಂಖ್ಯೆ 160. ಮಾಮೂಲಿ ಖಾಲಿ ಜಾಗವನ್ನು ತೆಗೆಯುವ ಟ್ರಿಮ್ ಫಾರ್ಮುಲಾಕ್ಕೆ ಇದು ಬಗ್ಗುವುದಿಲ್ಲ. ಫೈಂಡ್ ಆ್ಯಂಡ್ ರಿಪ್ಲೇಸ್ ತೆರೆದು, ಹುಡುಕುವ ಜಾಗದಲ್ಲಿ ಆಲ್ಟ್ ಕೀಲಿ ಒತ್ತಿ ಹಿಡಿದು ಕೀಬೋರ್ಡಿನ ಬಲಭಾಗದ ಅಂಕಿ ಕೀಲಿಗಳಲ್ಲಿ 0160 ಒತ್ತಿ, ಬದಲಿಸುವ ಜಾಗವನ್ನು ಖಾಲಿ ಬಿಟ್ಟು ರಿಪ್ಲೇಸ್ ಆಲ್ ಕೊಡಿ.

ನಿಮ್ಮಲ್ಲಿ ಯಾರಾದರೂ ತೂಕದ ಪಕ್ಕದಲ್ಲೇ ‘ಕ್ವಿಂ.’ ಎಂದು ಟೈಪ್ ಮಾಡುವ ರೂಢಿ ಇದ್ದರೆ ಅದನ್ನು ಇಂದೇ ನಿಲ್ಲಿಸಿ. 48.50 ಕ್ವಿಂ. ಎಂದು ಬರೆದ ಸೆಲ್ ಸಂಖ್ಯೆಯಾಗಲು ಸಾಧ್ಯವೇ ಇಲ್ಲ. ಅದನ್ನು ಧಾರಣೆಯಿಂದ ಗುಣಿಸಿದರೆ ವ್ಯಾಲ್ಯೂ ಎಂಬ ದೋಷ ಬರುತ್ತದೆ. ಅಳತೆಯ ಹೆಸರು ಕಾಣಲೇಬೇಕಿದ್ದರೆ ಸೆಲ್‌ನಲ್ಲಿ ಬರೀ 48.5 ಎಂದು ತುಂಬಿ, ಫಾರ್ಮ್ಯಾಟ್ ಸೆಲ್ಸ್‌ನ ಕಸ್ಟಮ್ ವಿಭಾಗದಲ್ಲಿ 0.00" ಕ್ವಿಂ." ಎಂದು ಬರೆಯಿರಿ. ಆಗ ಅಳತೆ ಕಣ್ಣಿಗೆ ಕಾಣುತ್ತದೆ, ಲೆಕ್ಕಕ್ಕೆ ಅಡ್ಡ ಬರುವುದಿಲ್ಲ.

ಪ್ರಶ್ನೆ: ನಾನು ಬೀದರ್ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಅಂಕಪಟ್ಟಿಯಲ್ಲಿ ಒಂದು ವಿಷಯದ ಅಂಕ ತಿದ್ದಿದರೂ ಒಟ್ಟು ಅಂಕ ಹಳೆಯದೇ ಉಳಿಯುತ್ತದೆ. ಸೇವ್ ಮಾಡಿದಾಗ ಮಾತ್ರ ಸರಿಯಾಗುತ್ತದೆ. ಅದೇ ಫೈಲ್ ಮನೆಯ ಕಂಪ್ಯೂಟರಿನಲ್ಲಿ ಕೆಲವು ದಿನ ಸರಿಯಾಗಿಯೇ ನಡೆಯುತ್ತದೆ, ಕೆಲವು ದಿನ ಇಲ್ಲ. ಕಂಪ್ಯೂಟರ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಸೇವ್ ಮಾಡಿದಾಗ ಸರಿಯಾಗುತ್ತದೆ ಎಂದು ನೀವು ಬರೆದ ಒಂದು ಮಾತಿನಿಂದಲೇ ಕಾರಣ ಗೊತ್ತಾಗುತ್ತದೆ. ನಿಮ್ಮ ಎಕ್ಸೆಲ್ ಮ್ಯಾನ್ಯುಯಲ್ ಲೆಕ್ಕದ ಸ್ಥಿತಿಯಲ್ಲಿದೆ; ಆ ಸ್ಥಿತಿಯಲ್ಲಿ ಎಫ್9 ಒತ್ತುವವರೆಗೆ ಅಥವಾ ಫೈಲ್ ಸೇವ್ ಆಗುವವರೆಗೆ ಫಾರ್ಮುಲಾಗಳು ಹೊಸ ಲೆಕ್ಕ ಮಾಡುವುದಿಲ್ಲ. ಫಾರ್ಮುಲಾಸ್ ಮೆನುವಿನ ಕ್ಯಾಲ್ಕುಲೇಷನ್ ಆಪ್ಷನ್ಸ್‌ನಲ್ಲಿ ಆಟೋಮ್ಯಾಟಿಕ್ ಆಯ್ದುಕೊಂಡರೆ ತಕ್ಷಣ ಸರಿಹೋಗುತ್ತದೆ.

ಕೆಲವು ದಿನ ಮಾತ್ರ ಹೀಗಾಗುವುದಕ್ಕೂ ಕಾರಣವಿದೆ. ಈ ಸ್ಥಿತಿ ಒಂದೊಂದು ಫೈಲಿಗೆ ಪ್ರತ್ಯೇಕವಲ್ಲ, ತೆರೆದಿರುವ ಇಡೀ ಎಕ್ಸೆಲ್‌ಗೆ ಒಂದೇ. ಮೊದಲು ತೆರೆದ ಫೈಲ್ ಯಾವ ಸ್ಥಿತಿಯಲ್ಲಿ ಸೇವ್ ಆಗಿತ್ತೋ ನಂತರ ತೆರೆದವೆಲ್ಲ ಅದನ್ನೇ ಪಾಲಿಸುತ್ತವೆ. ಅವುಗಳನ್ನು ಸೇವ್ ಮಾಡಿದರೆ ಆ ಸ್ಥಿತಿ ಅವುಗಳಲ್ಲೂ ಉಳಿಯುತ್ತದೆ, ಹೀಗೆ ಒಬ್ಬರ ಫೈಲಿನಿಂದ ಇನ್ನೊಬ್ಬರ ಫೈಲಿಗೆ ಇದು ನೆಗಡಿಯಂತೆ ದಾಟುತ್ತದೆ. ಮೂಲ ಫೈಲನ್ನು ಪತ್ತೆ ಮಾಡಲು ಎಕ್ಸೆಲ್ ಅನ್ನು ಸಂಪೂರ್ಣ ಮುಚ್ಚಿ, ಒಂದೊಂದೇ ಫೈಲನ್ನು ತೆರೆದು ಆಯ್ಕೆ ನೋಡಿ, ಆಟೋಮ್ಯಾಟಿಕ್ ಮಾಡಿ ಸೇವ್ ಮಾಡುತ್ತ ಬನ್ನಿ. ಸಾವಿರಾರು ಫಾರ್ಮುಲಾಗಳ ಭಾರವಾದ ಫೈಲ್ ನಿಧಾನವಾಗುತ್ತದೆಂದು ಯಾರೋ ಸಹೋದ್ಯೋಗಿ ಬೇಕೆಂದೇ ಈ ಬದಲಾವಣೆ ಮಾಡಿರಬಹುದು. ಅಂಥ ಫೈಲನ್ನು ಅಂಕಪಟ್ಟಿಯ ಜೊತೆ ತೆರೆಯಬೇಡಿ. ಅಲ್ಲಿಯವರೆಗೆ, ಅಂಕ ತಿದ್ದಿದ ಕೂಡಲೇ ಪ್ರಿಂಟ್ ಕೊಡದೆ ಮೊದಲು ಎಫ್9 ಒತ್ತಿ. ಇಲ್ಲದಿದ್ದರೆ ಹೊಸ ಅಂಕದ ಪಕ್ಕದಲ್ಲಿ ಹಳೆಯ ಮೊತ್ತವೇ ಅಚ್ಚಾದೀತು.

ಪ್ರಶ್ನೆ: ಯಾದಗಿರಿಯ ಮಹಿಳಾ ಸ್ವಸಹಾಯ ಸಂಘದ ಉಳಿತಾಯದ ಲೆಕ್ಕವನ್ನು ಕನ್ನಡ ಅಂಕಿಗಳಲ್ಲಿ, ೨೦೦, ೫೦೦ ಎಂದು ತುಂಬಿದ್ದೇನೆ. ಮೊತ್ತ ಬರುತ್ತಿಲ್ಲ.

ಉತ್ತರ: ಕನ್ನಡ ಅಂಕಿಗಳನ್ನು ಎಕ್ಸೆಲ್ ಸಂಖ್ಯೆಯಾಗಿ ಸ್ವೀಕರಿಸದೆ ಅಕ್ಷರಗಳಂತೆ ಇಟ್ಟುಕೊಳ್ಳುತ್ತದೆ. ಮೂಲ ಫೈಲಿನ ಒಂದು ನಕಲನ್ನು ತೆಗೆದಿಟ್ಟು, ಉಳಿತಾಯದ ಹಣ ತುಂಬಿದ ಕಾಲಂ ಮಾತ್ರ ಆಯ್ದು, ಫೈಂಡ್ ಆ್ಯಂಡ್ ರಿಪ್ಲೇಸ್‌ನಲ್ಲಿ ೦ ಇರುವಲ್ಲಿ 0, ೧ ಇರುವಲ್ಲಿ 1 ಎಂದು ಹತ್ತೂ ಅಂಕಿಗಳನ್ನು ಬದಲಿಸಿ. ಕಾಲಂ ಆಯ್ದುಕೊಳ್ಳದಿದ್ದರೆ ಸದಸ್ಯರ ಹೆಸರಿನ ಕಾಲಂನಲ್ಲಿರುವ ಅಂಕಿಗಳೂ ಬದಲಾಗುತ್ತವೆ. ಆ ಬಳಿಕವೂ ಸೊನ್ನೆ ಬಂದರೆ ಮೇಲೆ ಹೇಳಿದ ಟೆಕ್ಸ್ಟ್ ಟು ಕಾಲಮ್ಸ್ ಮಾಡಿ.

ಪ್ರಶ್ನೆ: ಸೆಲ್‌ನಲ್ಲಿ ಉತ್ತರದ ಬದಲು ನಾನು ಬರೆದ ಫಾರ್ಮುಲಾವೇ ಕಾಣುತ್ತದೆ. – ಸೇಡಂನ ಓದುಗರು

ಉತ್ತರ: ಒಂದೇ ಸೆಲ್‌ನಲ್ಲಿ ಹೀಗಾದರೆ ಅದರ ಫಾರ್ಮ್ಯಾಟ್ ಟೆಕ್ಸ್ಟ್ ಆಗಿದೆ. ಅದನ್ನು ಜನರಲ್ ಎಂದು ಬದಲಿಸಿದರಷ್ಟೇ ಸಾಲದು; ಎಫ್2 ಒತ್ತಿ ಎಂಟರ್ ಕೂಡ ಒತ್ತಬೇಕು. ಇಡೀ ಶೀಟ್ ಹಾಗೆ ಕಂಡರೆ ಫಾರ್ಮುಲಾಸ್ ಮೆನುವಿನ ಶೋ ಫಾರ್ಮುಲಾಸ್ ಆಯ್ಕೆ ಚಾಲೂ ಆಗಿದೆ, ಅದನ್ನು ಇನ್ನೊಮ್ಮೆ ಒತ್ತಿದರೆ ಉತ್ತರಗಳು ಕಾಣುತ್ತವೆ.